ಎಡಗೈ

ಮೊದಲೇ ಹೇಳಿಬಿಡುತ್ತೇನೆ: ವಿಷಲ್ ಊದುವ ಕೆಲಸವಲ್ಲ ಇದು.
ಎಡಗೈಯನ್ನು ಭುಜದ ಮಟ್ಟಕ್ಕೆ ಅಡ್ಡ ಚಾಚಬೇಕು,
ಮುಷ್ಟಿ ಬಿಗಿದು, ಬಟ್ಟೆ ಹರವುವ ಗಳುವಿನ ಹಾಗೆ,
ಹಾಗೇ ಹಿಡಿದಿರಬೇಕು.
ಆಟ ನಿಲ್ಲಬಾರದು.
ನನಗೆ ಕಂಡಿದೆ ಎಂದಷ್ಟೇ ಅದರ ಅರ್ಥ;
ತೀರ್ಪು ಆಮೇಲೆ.

ಮಂಡ್ಯದ ಮೈದಾನ, ನವೆಂಬರ್, ಹನ್ನೊಂದು ಗಂಟೆ.
ಸುಣ್ಣ ಸಾಲದೆ ಮೂರನೆಯ ಬೇಸಿನ ಗೆರೆಗೆ
ಡ್ರಿಲ್ ಮಾಸ್ತರು ರಂಗೋಲಿ ಪುಡಿ ಸುರಿದಿದ್ದರು.
ಆಚೆ ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರುಗಳ ಸಾಲು,
ಮೇಲೆ ಕೂತವರಿಗೆ ಪುಕ್ಕಟೆ ಗ್ಯಾಲರಿ.
ಕೀಲಾರಕ್ಕೂ ಮಳವಳ್ಳಿಗೂ ಕೊನೆಯ ಇನಿಂಗ್ಸ್,
ಇಬ್ಬರದೂ ನಾಲ್ಕು ನಾಲ್ಕು.

ಬಿಂದುಶ್ರೀ ಎರಡರಿಂದ ಹೊರಟಳು.
ಅಕ್ಕನ ಶೂ, ಒಳಗೆ ಪೇಪರು ತುರುಕಿದ್ದು
ಬೆಳಿಗ್ಗೆಯೇ ನೋಡಿದ್ದೆ.
ಚೆಂಡು ಇನ್ನೂ ಬೇಲಿಯ ಹತ್ತಿರ, ಹುಲ್ಲಿನಲ್ಲಿ ಹುಡುಕಾಟ.
ಮೂರನೆಯ ಬೇಸಿಗೆ ಹತ್ತು ಹೆಜ್ಜೆ ಇರುವಾಗ
ದಾರಿಯಲ್ಲಿ ಅಲ್ಫಿಯಾ.
ಕೈಯಲ್ಲಿ ಚೆಂಡಿಲ್ಲ. ಬರುತ್ತಿರುವ ಚೆಂಡೂ ಇಲ್ಲ.
ಸುಮ್ಮನೆ ನಿಂತಿದ್ದಳು, ಬಾಯಿ ತೆರೆದು,
ಬೇಲಿಯ ಕಡೆ ನೋಡುತ್ತಾ,
ಸಂತೆಯಲ್ಲಿ ಯಾರನ್ನೋ ಕಾಯುವವಳ ಹಾಗೆ.

ಬಿಂದುಶ್ರೀ ಡಿಕ್ಕಿ ಹೊಡೆಯಲಿಲ್ಲ. ಬಳಸಿಕೊಂಡು ಹೋದಳು,
ಗೆರೆಯಿಂದಾಚೆ, ಬಿಲ್ಲು ಬಾಗಿದಷ್ಟು.
ಮೂರು ಹೆಜ್ಜೆ. ಎಣಿಸಿದೆ.
ಎಡಗೈ ನನಗಿಂತ ಮೊದಲೇ ಎದ್ದಿತ್ತು.

ಮಿಕ್ಕದ್ದು ಎಲ್ಲರೂ ಕಂಡದ್ದೇ:
ಮೂರು ದಾಟಿದಳು, ಹೋಮಿಗೆ ನುಗ್ಗಿದಳು,
ಚೆಂಡು ಬಂತು, ಕ್ಯಾಚರ್ ಮುಟ್ಟಿಸಿದಳು,
ಧೂಳು. ಒಂದೇ ಒಂದು ಹೆಜ್ಜೆ ಕಮ್ಮಿ.
ಟ್ರ್ಯಾಕ್ಟರಿನವರು ‘ಔಟ್, ಔಟ್’ ಎಂದು ಜಲ್ಲೆ ಬೀಸಿದರು.
ಮಳವಳ್ಳಿಯ ಹುಡುಗಿಯರು ತಬ್ಬಿಕೊಂಡು ಕುಣಿಯುವಾಗ
ನಾನೊಬ್ಬಳೇ ಕೈ ಚಾಚಿಕೊಂಡು, ಹೊಲದ ಬೆದರುಬೊಂಬೆ.

ಡೆಡ್ ಬಾಲ್, ಎಂದೆ.
ನಡೆದದ್ದನ್ನು ಅಳೆಯುವುದು ಸುಲಭ, ಗೆರೆ ಇದೆ, ಕಣ್ಣಿದೆ.
ಈಗ ನಡೆಯದೇ ಹೋದ ಓಟವನ್ನು ಅಳೆಯಬೇಕು:
ಅಲ್ಫಿಯಾ ಅಲ್ಲಿ ಇಲ್ಲದಿದ್ದರೆ
ಈ ಹುಡುಗಿ ಎಲ್ಲಿಗೆ ಮುಟ್ಟಿರುತ್ತಿದ್ದಳು?
ಕಣ್ಣು ಮುಚ್ಚಿ ಅವಳನ್ನು ಇನ್ನೊಮ್ಮೆ ಓಡಿಸಿದೆ,
ನೆಟ್ಟಗೆ, ರಂಗೋಲಿಯ ಪಕ್ಕದಲ್ಲೇ,
ಪೇಪರು ತುರುಕಿದ ಅದೇ ಶೂನಲ್ಲಿ.
ಮೂರು ಹೆಜ್ಜೆ ವಾಪಸು ಕೊಟ್ಟೆ, ಒಂದು ಕಳೆದೆ.
ಎರಡು ಮಿಕ್ಕಿತು.
ರನ್, ಎಂದೆ.

ಮಳವಳ್ಳಿಯ ಕೋಚ್ ಮಂಚಯ್ಯ ಟವೆಲ್ ಕೊಡವಿಕೊಂಡು ಬಂದರು:
“ಏನ್ ಮೇಡಮ್ಮೋರೆ, ಔಟಾದೋಳ್ಗೆ ರನ್ ಕೊಟ್ಬುಟ್ರಲ್ಲ,
ನಮ್ ಹುಡುಗಿ ಮುಟ್ಟುದ್ಲಾ? ಒಂದ್ ಬೆಳ್ಳು ತಾಗ್ತಾ?”
ತಾಗಲಿಲ್ಲ, ಎಂದೆ. ತಾಗಬೇಕಾಗಿಲ್ಲ.
“ಬೇಕೂಂತ ನಿಂತಿದ್ಲಾ?”
ಇಲ್ಲ. ಬೇಕೂಂತ ನಿಂತಿರಬೇಕಾಗಿಯೂ ಇಲ್ಲ.
ಚೆಂಡಿಲ್ಲದವರು ದಾರಿ ಬಿಡಬೇಕು, ಅಷ್ಟೇ.
ನನ್ನ ಮುಖ ನೋಡಿದರು, ಗೆರೆ ನೋಡಿದರು,
ಉಗುಳಲು ಜಾಗ ಹುಡುಕುತ್ತಾ ಹೋದರು.

ಅಲ್ಫಿಯಾ ಗ್ಲೌಸಿನಲ್ಲಿ ಮುಖವಿಟ್ಟು ಅಳುತ್ತಿದ್ದಳು.
ಅವಳಿಗೆ ಹೇಳಲು ರೂಲ್ ಪುಸ್ತಕದಲ್ಲಿ ಮಾತಿಲ್ಲ.
ನೀರಿನ ಬಾಟಲಿ ಕೊಟ್ಟೆ.

ನಾನು ಯಾವಾಗಲೂ ಇಷ್ಟು ಖಡಾಖಂಡಿತ ಎಂದುಕೊಳ್ಳಬೇಡಿ.
ಹೋದ ವರ್ಷ ಮದ್ದೂರಿನಲ್ಲಿ ಇಂಥದೇ ಒಂದು ಕಂಡೂ
ಕೈ ಏಳಲಿಲ್ಲ. ಫೈನಲ್ಲು, ಜನ,
ಶಾಮಿಯಾನದಡಿ ಅಧ್ಯಕ್ಷರು, ಅವರ ಊರಿನದೇ ತಂಡ.
ಮುಗ್ಗರಿಸಿ ನಿಂತ ಹುಡುಗಿ ಕೋಚಿನ ಕಡೆ ನೋಡಲಿಲ್ಲ,
ನನ್ನ ಎಡಗೈ ಕಡೆ ನೋಡಿದಳು.
ಅದು ತೊಡೆಗೆ ಅಂಟಿಕೊಂಡಿತ್ತು.
ಹೆಸರೂ ಗೊತ್ತಿಲ್ಲ. ಬೆನ್ನ ಮೇಲೆ ಹದಿನಾಲ್ಕು.

ಸಂಜೆ ಹೆದ್ದಾರಿಯ ಸ್ಟಾಪಿನಲ್ಲಿ, ಬಲಗೈಯಲ್ಲಿ ಕಿಟ್ಟು,
ಮೈಸೂರು ಬಸ್ಸಿಗೆ ಎಡಗೈ ಅಡ್ಡ ಚಾಚಿದೆ.
ನಿಲ್ಲಲಿಲ್ಲ. ಡ್ರೈವರು ನೋಡಿಯೇ ಹೋದ.
ಯಾಕೋ ಕೈ ಇಳಿಸಲು ಮನಸ್ಸಾಗದೆ
ಹಾಗೇ ಹಿಡಿದಿದ್ದೆ.
ನೂರು ಗಜ ಆಚೆ, ಮುಚ್ಚಿದ ಪೆಟ್ರೋಲ್ ಬಂಕಿನ ಮುಂದೆ
ಬ್ರೇಕಿನ ಕೆಂಪು ಹೊತ್ತಿತು.
ಓಡಿದೆ.